ನುಸಿ ತಿನ್ನೋ ನುಸಿ

ಇದು ಒಂದು ತಿದ್ದುಪಡಿ. ಪತ್ರಿಕೆಯಲ್ಲಾಗಿದ್ದರೆ ಒಳಪುಟದ ಮೂಲೆಯಲ್ಲಿ ಎರಡು ಸಾಲಿಗೆ ಮುಗಿಯುತ್ತಿತ್ತು. ನನಗೆ ಅಷ್ಟಕ್ಕೇ ಮುಗಿಸಲು ಮನಸ್ಸಾಗಲಿಲ್ಲ.

ಮೂರು ವರ್ಷದ ಹಿಂದೆ ನಮ್ಮೂರು ಉಚ್ಚಂಗಿದುರ್ಗದ ವಾಟ್ಸಾಪ್ ಗುಂಪಿನಲ್ಲಿ ನಾನು ನಾಲ್ಕು ಸಾಲು ಹಾಕಿದ್ದೆ. "ಬದನೆ, ಮೆಣಸಿನ ಗಿಡಕ್ಕೆ ನುಸಿ ಬಿದ್ದರೆ ತಡ ಮಾಡದೆ ಔಷಧಿ ಹೊಡೆಯಿರಿ. ಒಂದು ವಾರ ಬಿಟ್ಟು ಮತ್ತೊಂದು ಸಲ ಹೊಡೆಯಿರಿ." ಅದರ ಕೆಳಗೆ ಎರಡು ಔಷಧಿಯ ಹೆಸರು. ಪತ್ರಿಕೋದ್ಯಮ ಓದಿ ಆಗಷ್ಟೇ ಊರಿಗೆ ಬಂದಿದ್ದೆ. ಊರಿಗೆ ಉಪಯೋಗವಾಗುವ ಸುದ್ದಿ ಕೊಡಬೇಕು ಅನ್ನುವ ಹುಮ್ಮಸ್ಸಿತ್ತು. ಆ ನಾಲ್ಕು ಸಾಲು ನನ್ನದಾಗಿರಲಿಲ್ಲ. ಒಂದು ಗೊಬ್ಬರದ ಅಂಗಡಿಯಲ್ಲಿ ಕೇಳಿದ್ದನ್ನು ಹಾಗೇ ಬರೆದಿದ್ದೆ. ಅಂಗಡಿಯವರನ್ನು ಬಿಟ್ಟರೆ ಇನ್ನೊಬ್ಬರನ್ನು ಕೇಳಿರಲಿಲ್ಲ. ಎಲೆ ತಿರುಗಿಸಿ ನೋಡಿಯೂ ಇರಲಿಲ್ಲ.

ನಡೆದದ್ದು ಹೀಗೆ. ನಮ್ಮದು ದಾರಿಗೆ ಹೊಂದಿಕೊಂಡ ಹೊಲ. ಅದರಲ್ಲಿ ಅರ್ಧ ಎಕರೆ ಬದನೆ ಹಾಕಿದ್ದೆವು. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಜಾತ್ರೆ. ಚಕ್ಕಡಿ, ಟ್ರ್ಯಾಕ್ಟರು, ಟೆಂಪೋ ಎಲ್ಲ ಸಾಲಾಗಿ ಬರುತ್ತವೆ. ಜಾತ್ರೆ ಮುಗಿಯುವಷ್ಟರಲ್ಲಿ ದಾರಿ ಪಕ್ಕದ ಗಿಡಗಳ ಮೇಲೆ ಕೆಂಧೂಳು ಕೂತಿರುತ್ತದೆ. ಆ ವರ್ಷ ಜಾತ್ರೆ ಆಗಿ ಹದಿನೈದು ದಿನಕ್ಕೆ ಅವ್ವ ಹೊಲದಿಂದ ಫೋನ್ ಮಾಡಿದಳು.

"ಯವ್ವಾ, ಎಲಿ ಮ್ಯಾಲೆ ಯಾರೋ ಬೂದಿ ಉಗ್ಗಿದಂಗೆ ಆಗೈತಿ. ಬಂದು ನೋಡು."

ಹೋಗಿ ನೋಡಿದೆ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಾವಿರಾರು ಬಿಳಿ ಚುಕ್ಕಿ. ಕುಡಿಗಳಲ್ಲಿ ಸಣ್ಣ ಬಲೆ. ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಫೋಟೋ ಒಂದು ಕ್ಷಣ ನೋಡಿ "ನುಸಿ" ಅಂದರು. ಎರಡು ಬಾಟಲಿ ಕೊಟ್ಟರು. ಒಂದು ನುಸಿಗೆ, ಇನ್ನೊಂದು "ಜೊತೆಗಿರಲಿ, ಕಾಯಿಕೊರಕನೂ ಹೋಗ್ತದೆ" ಅಂತ. ಕಾಯಿಕೊರಕಕ್ಕೆ ನಾವು ಅದಾಗಲೇ ಅದೇ ಜಾತಿಯ ಔಷಧಿ ಮೂರು ಸಲ ಹೊಡೆದಿದ್ದೆವು. ಸಿಂಥೆಟಿಕ್ ಪೈರಿಥ್ರಾಯ್ಡ್ ಅನ್ನುವ ಗುಂಪಿನ ಔಷಧಿ ಅದು. ಎರಡನ್ನೂ ಒಂದೇ ಪಂಪಿಗೆ ಬೆರೆಸಿ ಹೊಡೆದೆವು. ಅದೇ ಸಂಜೆ ಗುಂಪಿನಲ್ಲಿ ಆ ನಾಲ್ಕು ಸಾಲು ಹಾಕಿದೆ.

ಹತ್ತು ದಿನ ಕಳೆಯಿತು. ನುಸಿ ಕಡಿಮೆ ಆಗಲಿಲ್ಲ, ಹೆಚ್ಚಾಯಿತು. ಮತ್ತೆ ಹೊಡೆದೆವು. ಯುಗಾದಿ ಹೊತ್ತಿಗೆ ದಾರಿ ಕಡೆಯ ಸಾಲುಗಳು ಕಂದಿ, ಬಲೆ ಸುತ್ತಿಕೊಂಡು ನಿಂತಿದ್ದವು. ಅತ್ತ ದೊಡ್ಡಪ್ಪನ ಮೆಣಸಿನ ಗಿಡವೂ ಮುದುಡಿ ಹೋಗಿತ್ತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು. "ನೀನು ಹಾಕಿದ್ದಿ ಅಂತ ಹೊಡೆದೆ ಯವ್ವಾ. ಓದಿದೋರು ಹೇಳಿದ್ದು ಅಂತ" ಅಂದರು, ಅಷ್ಟೇ. ಔಷಧಿ ಅವರು ತಂದಿದ್ದು ಉದ್ರಿ.

ಒಣಗದ ಮೂಲೆ

ನಮ್ಮ ಹೊಲದಲ್ಲಿ ಒಂದು ಮೂಲೆ ಮಾತ್ರ ಹಸಿರಾಗೇ ಉಳಿದಿತ್ತು. ಬೋರಿನ ತೊಟ್ಟಿ ಪಕ್ಕದ ನಾಲ್ಕು ಸಾಲು. ತೊಟ್ಟಿ ನೀರು ದನಕ್ಕೂ ನಮಗೂ ಕುಡಿಯಲು ಬೇಕು ಅಂತ ಅವ್ವ ಅಲ್ಲಿ ಯಾವತ್ತೂ ಔಷಧಿ ಹೊಡೆಯಲು ಬಿಟ್ಟವಳಲ್ಲ. ಬದುವಿನ ಮೇಲೆ ಅವಳೇ ಊರಿದ ಐದಾರು ಔಡಲ ಗಿಡ ಇದ್ದವು. ಔಷಧಿ ಕಂಡ ಸಾಲು ಒಣಗಿತ್ತು, ಕಾಣದ ಸಾಲು ಬದುಕಿತ್ತು.

"ಅಲ್ಲಿ ನೀರು ಸೋರಿ ತಂಪೈತಿ, ಅದಕ್ಕಿರಬೇಕು" ಅಂದೆ. ಅವ್ವ ಒಪ್ಪಲಿಲ್ಲ. "ತಂಪು ಮೊದ್ಲೂ ಇತ್ತು. ಮೊದ್ಲು ಎಲ್ಲಾ ಸಾಲೂ ಹಿಂಗೇ ಇದ್ದವು" ಅಂದಳು.

ಹೈಸ್ಕೂಲಿನ ಮೇಷ್ಟ್ರೊಬ್ಬರ ಹತ್ತಿರ ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಒಂದು ಲೆನ್ಸ್ ಇತ್ತು. ಬೇಡಿ ತಂದೆ. ಮೊದಲು ಒಣಗಿದ ಸಾಲಿನ ಎಲೆ ಮಗುಚಿ ನೋಡಿದೆ. ಬಲೆಯ ಅಡಿಯಲ್ಲಿ ಉಪ್ಪಿನ ಪುಡಿಯಷ್ಟು ಸಣ್ಣ ಕೆಂಪು ಹುಳ ಗುಂಪುಗುಂಪಾಗಿ ಕೂತಿದ್ದವು. ಸುತ್ತ ದುಂಡನೆಯ ಮೊಟ್ಟೆಗಳು. ಊದಿದರೂ ಅಲ್ಲಾಡುತ್ತಿರಲಿಲ್ಲ. ಆಮೇಲೆ ತೊಟ್ಟಿ ಪಕ್ಕದ ಎಲೆ ನೋಡಿದೆ. ಅಲ್ಲೂ ಅದೇ ಕೆಂಪು ಹುಳ, ಆದರೆ ಐದಾರು ಮಾತ್ರ. ಅವುಗಳ ನಡುವೆ ಇನ್ನೊಂದು ಇತ್ತು. ಅಷ್ಟೇ ಗಾತ್ರ, ಆದರೆ ನೀರಿನ ಹನಿಯ ಆಕಾರ, ಹೊಳೆಯುವ ಮೈ, ಸ್ವಲ್ಪ ಉದ್ದ ಕಾಲು. ಅದು ಒಂದು ಕಡೆ ನಿಲ್ಲುತ್ತಿರಲಿಲ್ಲ. ಎಲೆಯ ನರದ ಗುಂಟ ಓಡುತ್ತಿತ್ತು.

ಅವ್ವನಿಗೆ ಲೆನ್ಸ್ ಕೊಟ್ಟೆ. ಬಹಳ ಹೊತ್ತು ನೋಡಿದಳು. "ಒಂದು ಕುಂತೈತಿ, ಇನ್ನೊಂದು ಓಡಾಡ್ತೈತಿ. ಓಡೋದು ಕುಂತಿದ್ದನ್ನ ಹಿಡಕೊಂಡೈತಿ ನೋಡು" ಅಂದಳು.

ನಾನೂ ನೋಡಿದೆ. ಓಡುವ ಹುಳ ಕೂತ ಹುಳವನ್ನು ಮುಂದಿನಿಂದ ಹಿಡಿದು ನಿಂತಿತ್ತು. ಐದು ನಿಮಿಷದಲ್ಲಿ ಕೆಂಪು ಹುಳದ ಮೈ ಬತ್ತಿ ಬರೀ ಸಿಪ್ಪೆಯಾಯಿತು. ಹಿಡಿದದ್ದರ ಹೊಟ್ಟೆ ಕೆಂಪಗಾಯಿತು.

ಕಣ್ಣಿಲ್ಲದ ಬೇಟೆಗಾರ

ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ನುಸಿ ಕೀಟವಲ್ಲ. ಕೀಟಕ್ಕೆ ಆರು ಕಾಲು, ನುಸಿಗೆ ಎಂಟು. ಮೊಟ್ಟೆಯಿಂದ ಬಂದ ಮರಿಗೆ ಮಾತ್ರ ಆರಿರುತ್ತವೆ. ಜೇಡ, ಚೇಳು, ಉಣ್ಣೆ ಇದರ ಬಳಗ. ನಮ್ಮ ಬದನೆ, ಬೆಂಡೆ, ಹೀರೆ, ಗುಲಾಬಿಗೆ ಬೀಳುವ ಕೆಂಪು ನುಸಿಯನ್ನು ಜೇಡ ನುಸಿ ಅನ್ನುತ್ತಾರೆ, ಬಲೆ ನೇಯುತ್ತದೆ ಅಂತ. ಎಲೆಯ ಕೆಳಗೆ ಕೂತು ಒಂದೊಂದೇ ಕಣಕ್ಕೆ ಬಾಯಿ ಚುಚ್ಚಿ ರಸ ಹೀರುತ್ತದೆ. ನಾವು ನೋಡುವ ಬಿಳಿ ಚುಕ್ಕಿ ಆ ಖಾಲಿಯಾದ ಕಣಗಳು. ಬಿಸಿಲು ಹೆಚ್ಚಿದ್ದಾಗ ಮೊಟ್ಟೆಯಿಂದ ದೊಡ್ಡದಾಗಲು ಹತ್ತು ದಿನವೂ ಬೇಡ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ 100ರವರೆಗೂ ಮೊಟ್ಟೆ ಇಡುತ್ತದೆ.

ಅದನ್ನು ತಿನ್ನುವ ನುಸಿಯನ್ನು ಕೃಷಿ ಪುಸ್ತಕಗಳಲ್ಲಿ ಪರಭಕ್ಷಕ ನುಸಿ ಎಂದು ಬರೆಯುತ್ತಾರೆ. ಫೈಟೋಸಿಡೆ ಅನ್ನುವ ಕುಟುಂಬ. ಪ್ರಪಂಚದಲ್ಲಿ ಇದರ 2,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ನಮ್ಮ ದೇಶದ ತರಕಾರಿ ಹೊಲಗಳಲ್ಲಿ ಹೆಚ್ಚಾಗಿ ಸಿಗುವುದು ನಿಯೋಸಿಯುಲಸ್ ಲಾಂಗಿಸ್ಪೈನೋಸಸ್. ಜಾತಿ ಹೇಳಬೇಕೆಂದರೆ ಸೂಕ್ಷ್ಮದರ್ಶಕ ಬೇಕು. ಮಿತ್ರನೋ ಶತ್ರುವೋ ಎಂದು ಹೇಳಲು ಲೆನ್ಸ್ ಸಾಕು.

ಈ ಬೇಟೆಗಾರನಿಗೆ ಕಣ್ಣಿಲ್ಲ. ಮುಂದಿನ ಎರಡು ಕಾಲನ್ನು ಮೇಲೆತ್ತಿ, ಕುರುಡರು ಕೋಲು ಆಡಿಸುವಂತೆ ಆಡಿಸುತ್ತಾ ಓಡುತ್ತದೆ. ವಾಸನೆ, ಮುಟ್ಟುವಿಕೆ ಇವೇ ಅದರ ಕಣ್ಣು. ಜೇಡ ನುಸಿಯ ಬಲೆ ಬೇರೆ ಎಷ್ಟೋ ಹುಳಗಳಿಗೆ ಅಡ್ಡಿ. ಬೆನ್ನ ಮೇಲೆ ಉದ್ದ ಕೂದಲಿರುವ ಈ ಜಾತಿ ಬಲೆಯ ಒಳಗೇ ನುಗ್ಗುತ್ತದೆ. ಸಿಕ್ಕಿದ್ದನ್ನು ಹಿಡಿದು, ಕತ್ತರಿಯಂಥ ಬಾಯಿಯಿಂದ ಚರ್ಮ ಸೀಳಿ ಒಳಗಿನ ರಸ ಕುಡಿಯುತ್ತದೆ. ದೊಡ್ಡ ನುಸಿಗಿಂತ ಮೊಟ್ಟೆ, ಮರಿ ಅಂದರೆ ಇಷ್ಟ. ಇದೇ ಕುಟುಂಬದ ಫೈಟೋಸಿಯುಲಸ್ ಪರ್ಸಿಮಿಲಿಸ್ ಅನ್ನುವ ಜಾತಿಯ ಒಂದು ಹೆಣ್ಣು ದಿನಕ್ಕೆ ಸುಮಾರು 5 ದೊಡ್ಡ ನುಸಿ, ಇಲ್ಲವೇ 20 ಮೊಟ್ಟೆ ತಿನ್ನುತ್ತದೆ. ಹೊಟ್ಟೆ ತುಂಬಿದರೆ ನುಸಿ ಗುಂಪಿನ ನಡುವೆಯೇ ತನ್ನ ಮೊಟ್ಟೆ ಇಡುತ್ತದೆ, ಮರಿಗೆ ಊಟ ಪಕ್ಕದಲ್ಲೇ ಇರಲಿ ಅಂತ. ಬೆಚ್ಚಗಿದ್ದರೆ ಐದಾರು ದಿನದಲ್ಲಿ ಮರಿ ದೊಡ್ಡದಾಗುತ್ತದೆ. ಅಂದರೆ ಶತ್ರುವಿಗಿಂತ ಬೇಗ ಬೆಳೆಯುತ್ತದೆ.

ಹಾಗಾದರೆ ನಮ್ಮ ಹೊಲದಲ್ಲಿ ಸೋತಿದ್ದೇಕೆ?

ಮೊದಲು ಸಾಯುವುದು ಕಾವಲು

ಕಾಯಿಕೊರಕಕ್ಕೆ ಅಂತ ನಾವು ಮೂರು ಸಲ ಹೊಡೆದ ಪೈರಿಥ್ರಾಯ್ಡ್ ಇದೆಯಲ್ಲ, ಅದಕ್ಕೆ ಓಡೋ ನುಸಿ ಬಹಳ ಬೇಗ ಸಾಯುತ್ತದೆ. ಕೂತ ನುಸಿ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಎಲೆಯ ಕೆಳಗೆ, ಬಲೆಯ ಒಳಗೆ ಒಂದೇ ಕಡೆ ಇರುತ್ತದೆ. ಬೇಟೆಗಾರ ಹೊಟ್ಟೆಪಾಡಿಗೆ ಎಲೆ ಎಲೆ ತಿರುಗಬೇಕು, ಹೋದಲ್ಲೆಲ್ಲ ಔಷಧಿ ಮೆಟ್ಟಬೇಕು. ಕೂತ ನುಸಿ ಸಾವಿರಗಟ್ಟಲೆ ಇರುತ್ತದೆ, ಅದರಲ್ಲಿ ಹತ್ತು ಉಳಿದರೂ ವಾರದಲ್ಲಿ ಮತ್ತೆ ನೂರಾಗುತ್ತದೆ. ಬೇಟೆಗಾರ ಮೊದಲೇ ಕಡಿಮೆ. ಅವು ಸತ್ತರೆ ಮತ್ತೆ ಎಲ್ಲಿಂದಲೋ ಗಾಳಿಯಲ್ಲಿ ಬರಬೇಕು. ಒಂದಿಷ್ಟು ಉಳಿದುಕೊಂಡರೂ ತಿನ್ನಲು ನುಸಿ ಸಿಗದೆ ಹಸಿಯುತ್ತವೆ, ಒಂದನ್ನೊಂದು ತಿನ್ನುತ್ತವೆ.

ಜೇಡ ನುಸಿ ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ಹೆಸರುವಾಸಿ. ಪ್ರಪಂಚದ ಬೇರೆ ಬೇರೆ ಕಡೆ ಇದು 90ಕ್ಕೂ ಹೆಚ್ಚು ಬಗೆಯ ರಾಸಾಯನಿಕಗಳನ್ನು ತಡೆದುಕೊಳ್ಳುವುದನ್ನು ದಾಖಲಿಸಿದ್ದಾರೆ. ಹೀಗಾಗಿ ನಾವು ದುಡ್ಡು ಕೊಟ್ಟು ತಂದದ್ದು ಕಳ್ಳನನ್ನು ಬಿಟ್ಟು ಕಾವಲಿನವನನ್ನು ಹೊಡೆಯಿತು. ಔಷಧಿ ಹೊಡೆದ ಮೇಲೆ ನುಸಿ ಹೆಚ್ಚಾಗುವುದು ಹೊಸ ವಿಷಯವೇನಲ್ಲ. ಕೃಷಿ ವಿಜ್ಞಾನಿಗಳು ದಶಕಗಳಿಂದ ಹೇಳುತ್ತಿರುವುದು. ನನ್ನ ನಾಲ್ಕು ಸಾಲಿನಲ್ಲಿ ಅದು ಇರಲಿಲ್ಲ.

ದೊಡ್ಡಪ್ಪನ ಹೊಲದ ಕತೆ ಬೇರೆ. ಅಲ್ಲಿ ತಪ್ಪಾದದ್ದು ಒಂದು ಪದದಿಂದ. ನಮ್ಮ ಕಡೆ ಕಣ್ಣಿಗೆ ಸರಿಯಾಗಿ ಕಾಣದ ಸಣ್ಣದಕ್ಕೆಲ್ಲ ನುಸಿ ಅನ್ನುತ್ತೇವೆ. ಕಾಳಿಗೆ ಬೀಳುವುದೂ ನುಸಿ, ಥ್ರಿಪ್ಸೂ ನುಸಿ, ಮೈಟೂ ನುಸಿ. ಆದರೆ ಥ್ರಿಪ್ಸ್ ಕೀಟ, ಮೈಟ್ ಕೀಟವಲ್ಲ. ಒಂದರ ಔಷಧಿ ಇನ್ನೊಂದಕ್ಕೆ ಎಷ್ಟೋ ಸಲ ನಾಟುವುದೇ ಇಲ್ಲ. ಮೆಣಸಿನ ಗಿಡದಲ್ಲಿ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್. ಎಲೆ ಕೆಳಕ್ಕೆ ಬಾಗಿ, ಮಗುಚಿಟ್ಟ ದೋಣಿಯಂತಾದರೆ ಹಳದಿ ಮೈಟ್. ದೊಡ್ಡಪ್ಪನ ಗಿಡದ ಎಲೆ ಮೇಲಕ್ಕೆ ಮುದುಡಿತ್ತು. ನನ್ನ ಮಾತು ನಂಬಿ ಅವರು ಮೈಟಿನ ಔಷಧಿ ಹೊಡೆದಿದ್ದರು. ಎರಡು ವಾರ, ಎರಡು ಬಾಟಲಿ, ಆಳಿನ ಕೂಲಿ ಎಲ್ಲ ಹೋಯಿತು.

ಇದನ್ನು ಓದಿದವರು ನಮ್ಮವರೇ

ನುಸಿಗಳ ವಿಷಯ ಹುಡುಕುತ್ತಾ ಹೋದಾಗ ನನಗೆ ಆಶ್ಚರ್ಯವಾದದ್ದು, ಈ ವಿದ್ಯೆಗೆ ಭಾರತದಲ್ಲಿ ದೊಡ್ಡ ನೆಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಅಲ್ಲಿದ್ದ ಜಿ.ಪಿ. ಚನ್ನಬಸವಣ್ಣ ಅವರು ದೇಶದ ನುಸಿ ವಿಜ್ಞಾನಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬರು. ಭಾರತದ ಎರಿಯೋಫಿಡ್ ನುಸಿಗಳ ಬಗ್ಗೆ ಅವರ ಪುಸ್ತಕ 1966ರಲ್ಲಿ ಬಂತು. 1986ರಲ್ಲಿ ನುಸಿ ವಿಜ್ಞಾನಿಗಳ ವಿಶ್ವ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲೇ. ಕೃಷಿ ನುಸಿಗಳ ಮೇಲಿನ ಅಖಿಲ ಭಾರತ ಸಂಶೋಧನಾ ಯೋಜನೆಯ ಕೆಲಸ ನಡೆದುಬಂದದ್ದೂ ಅಲ್ಲಿಂದಲೇ. ಇಷ್ಟೆಲ್ಲ ನಮ್ಮ ರಾಜ್ಯದಲ್ಲೇ ಇದ್ದು, ಉಚ್ಚಂಗಿದುರ್ಗದ ಹೊಲಕ್ಕೆ ಬಂದದ್ದು ಬಾಟಲಿ ಮಾತ್ರ. ಆ ನಡುವಿನ ದೂರ ತುಂಬಬೇಕಾದವರು ನನ್ನಂಥವರೇ ಅಲ್ಲವೇ ಅನ್ನಿಸಿತು.

ಎರಿಯೋಫಿಡ್ ಅಂದರೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಹಡಗಲಿಯ ಮಲ್ಲಿಗೆ ತೋಟದವರು ಎಲೆ ಮೇಲೆ ಬಿಳಿ ಮಖಮಲ್ಲಿನಂಥ ನವಿರು ಎದ್ದದ್ದನ್ನು ನೋಡಿರುತ್ತೀರಿ, ಅದು ಆ ಗುಂಪಿನ ನುಸಿಯ ಕೆಲಸ. ತೆಂಗಿನ ನುಸಿ ಪೀಡೆಯೂ ಅದೇ ಗುಂಪು. 1998ರಲ್ಲಿ ಕೇರಳದಲ್ಲಿ ಕಾಣಿಸಿ, ಬೇಗನೇ ಕರ್ನಾಟಕದ ತೋಟಗಳಿಗೂ ಬಂತು. ಎಳೆ ಕಾಯಿಯ ತೊಟ್ಟಿನ ಎಲೆಗಳ ಕೆಳಗೆ, ಯಾವ ಔಷಧಿಯೂ ಸರಿಯಾಗಿ ಮುಟ್ಟದ ಸಂದಿಯಲ್ಲಿ ಇರುತ್ತದೆ. ಆ ಸಂದಿಗೂ ಹೋಗುವ ಬೇಟೆಗಾರ ಒಂದಿದೆ, ನಿಯೋಸಿಯುಲಸ್ ಬರಾಕಿ. ಅದರ ಮೈ ಚಪ್ಪಟೆ, ಉದ್ದ. ದಕ್ಷಿಣ ಭಾರತ, ಶ್ರೀಲಂಕಾದ ತೆಂಗಿನಲ್ಲಿ ಅದು ಸಿಗುತ್ತದೆ. ಶ್ರೀಲಂಕಾದಲ್ಲಿ ಅದನ್ನು ಸಾಕಿ ತೋಟಕ್ಕೆ ಬಿಟ್ಟಿದ್ದಾರೆ ಕೂಡ.

ಕಿತ್ತಳೆ ಹಣ್ಣಿನ ಪಾಠ

ಇಲ್ಲಿಯವರೆಗೆ ಓದಿದವರಿಗೆ ಒಂದು ಆಸೆ ಹುಟ್ಟಿರುತ್ತದೆ: ಹಾಗಾದರೆ ಈ ಓಡೋ ನುಸಿ ತಂದು ಬಿಟ್ಟರೆ ಕೂತ ನುಸಿ ಪೂರಾ ಹೋಗುತ್ತದಲ್ಲ? ನನಗೂ ಹಾಗೇ ಅನ್ನಿಸಿತ್ತು. ಅದು ಸರಿಯಲ್ಲ ಅಂತ ತಿಳಿದದ್ದು ಅಮೆರಿಕದ ಒಂದು ಪ್ರಯೋಗದಿಂದ.

ಕ್ಯಾಲಿಫೋರ್ನಿಯಾದ ಕಾರ್ಲ್ ಹಫೇಕರ್ ಅನ್ನುವ ವಿಜ್ಞಾನಿ 1958ರಲ್ಲಿ ಇದನ್ನು ಪ್ರಕಟಿಸಿದರು. ತಟ್ಟೆಗಳಲ್ಲಿ ಕಿತ್ತಳೆ ಹಣ್ಣು ಜೋಡಿಸಿ, ಹಣ್ಣು ತಿನ್ನುವ ನುಸಿಯನ್ನು ಬಿಟ್ಟರು. ಆಮೇಲೆ ಅದನ್ನು ತಿನ್ನುವ ನುಸಿಯನ್ನು ಬಿಟ್ಟರು. ಹಣ್ಣು ಒತ್ತೊತ್ತಾಗಿ ಸರಳವಾಗಿ ಇದ್ದಾಗ ಬೇಟೆಗಾರ ನುಸಿ ಎಲ್ಲವನ್ನೂ ತಿಂದು ಮುಗಿಸಿತು. ಆಮೇಲೆ ತಾನೂ ಉಪವಾಸ ಸತ್ತಿತು. ಕೊನೆಗೆ ಅವರು 252 ಹಣ್ಣು ಜೋಡಿಸಿ, ನಡುನಡುವೆ ವ್ಯಾಸಲೀನ್ ಹಚ್ಚಿ ಅಡ್ಡಿ ಮಾಡಿದರು. ಹಣ್ಣಿನ ನುಸಿ ಹತ್ತಿ ಗಾಳಿಗೆ ತೇಲಿ ಇನ್ನೊಂದು ಕಡೆ ಹೋಗಲಿ ಎಂದು ಸಣ್ಣ ಕಡ್ಡಿಗಳನ್ನು ನೆಟ್ಟರು. ಆಗ ಎರಡೂ ಉಳಿದವು. ಒಂದು ಹೆಚ್ಚಾದರೆ ಇನ್ನೊಂದು ಹೆಚ್ಚಾಗಿ, ಒಂದು ತಗ್ಗಿದರೆ ಇನ್ನೊಂದು ತಗ್ಗಿ, ಮೂರು ಸಲ ಅಲೆಯಂತೆ ಏರಿಳಿದವು.

ಇದರಿಂದ ನಾನು ಕಲಿತದ್ದು ಇಷ್ಟು: ಕಾವಲು ಹೊಲದಲ್ಲಿ ಉಳಿಯಬೇಕಾದರೆ ಅದಕ್ಕೆ ದಿನಾ ಊಟ ಬೇಕು. ಅಂದರೆ ಸ್ವಲ್ಪ ನುಸಿ ಹೊಲದಲ್ಲಿ ಇರಲೇಬೇಕು. ಒಂದೂ ನುಸಿ ಇರಬಾರದು ಅಂತ ಹಟ ಹಿಡಿದವರಿಗೆ ಕಾವಲೂ ಉಳಿಯುವುದಿಲ್ಲ. ಹೇಳುವುದು ಸುಲಭ. ಸಾಲ ತಂದು ಬೆಳೆ ಇಟ್ಟವರಿಗೆ ಎಲೆ ಮೇಲೆ ಬಿಳಿ ಚುಕ್ಕಿ ಕಂಡರೂ ಸುಮ್ಮನೆ ನಿಲ್ಲು ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾದದ್ದು ಮುಂದಿನ ವರ್ಷ.

ಅವ್ವನ ಔಡಲ

ಔಡಲ ಗಿಡ ಸುಮ್ಮನೆ ಅಲ್ಲಿರಲಿಲ್ಲ ಅಂತಲೂ ಆಮೇಲೆ ತಿಳಿಯಿತು. ಪರಭಕ್ಷಕ ನುಸಿಗಳಲ್ಲಿ ಕೆಲವು ಜೇಡ ನುಸಿಯನ್ನೇ ನೆಚ್ಚಿಕೊಂಡಿರುತ್ತವೆ. ಇನ್ನು ಎಷ್ಟೋ ಜಾತಿ ನುಸಿ ಸಿಗದಾಗ ಹೂವಿನ ಪರಾಗ ತಿಂದು ದಿನ ದೂಡುತ್ತವೆ. ಪ್ರಯೋಗಾಲಯಗಳಲ್ಲಿ ಇವನ್ನು ಸಾಕಲು ಬಹಳವಾಗಿ ಬಳಸುವುದು ಔಡಲದ ಪರಾಗ. ಮೆಕ್ಕೆಜೋಳದ ಪರಾಗವನ್ನೂ ಕೆಲವು ತಿನ್ನುತ್ತವೆ. ಬದುವಿಗೆ ಔಡಲ, ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಹಿರಿಯರಿಗೆ ನುಸಿಯ ಕತೆ ಗೊತ್ತಿತ್ತು ಅಂತ ನಾನು ಹೇಳುವುದಿಲ್ಲ. ಅವರು ಎಣ್ಣೆಗೆ ಹಾಕಿದ್ದರು. ಆದರೆ ಆ ಸಾಲು ತೆಗೆದಾಗ ಕಾವಲಿನ ಬುತ್ತಿಯೂ ಹೋಯಿತು.

ಗಿಡವೂ ಸುಮ್ಮನಿರುವುದಿಲ್ಲ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಡಬಲ್ ಬೀನ್ಸ್ ಅಂತ ಮಾರುತ್ತಾರಲ್ಲ, ಆ ಗಿಡದ ಮೇಲೆ ನೆದರ್‌ಲೆಂಡ್ಸಿನ ಮಾರಿಸ್ ಸಬೆಲಿಸ್, ಮಾರ್ಸೆಲ್ ಡಿಕ್ ಮೊದಲಾದವರು 1980ರ ದಶಕದಲ್ಲಿ ಕೆಲಸ ಮಾಡಿದರು. ಜೇಡ ನುಸಿ ಕಚ್ಚಿದ ಎಲೆ ಒಂದು ಬೇರೆ ವಾಸನೆ ಬಿಡುತ್ತದೆ. ಕಣ್ಣಿಲ್ಲದ ಬೇಟೆಗಾರ ಆ ವಾಸನೆ ಹಿಡಿದು ಬರುತ್ತದೆ. ದೊಣ್ಣೆ ಮೆಣಸಿನ ಗಿಡದ ಎಲೆ ತಿರುಗಿಸಿ ನೋಡಿ, ನರಗಳು ಕವಲೊಡೆಯುವ ಮೂಲೆಯಲ್ಲಿ ಸಣ್ಣ ಕೂದಲ ಗೊಂಚಲು ಇರುತ್ತದೆ. ಪರಭಕ್ಷಕ ನುಸಿ ಅಲ್ಲಿ ಅಡಗುತ್ತದೆ, ಮೊಟ್ಟೆ ಇಡುತ್ತದೆ.

ಇವಕ್ಕೆ ಆಗದ್ದು ಎರಡು: ಒಣಹವೆ ಮತ್ತು ಧೂಳು. ಜೇಡ ನುಸಿಗೆ ಬಿಸಿಲು, ಒಣಹವೆ ಅಂದರೆ ಹಬ್ಬ. ಪರಭಕ್ಷಕ ನುಸಿಯ ಮೊಟ್ಟೆ ಒಣಹವೆಗೆ ಬತ್ತಿಹೋಗುತ್ತದೆ. ಎಲೆ ಮೇಲೆ ಧೂಳು ಕೂತರೆ ಓಡಾಟಕ್ಕೂ ಬೇಟೆಗೂ ತೊಡಕು. ಹೀಗಾಗಿ ನಮ್ಮಲ್ಲಿ ಜಾತ್ರೆಯ ಧೂಳು ಮತ್ತು ಬೇಸಿಗೆಯ ಆರಂಭ ಒಟ್ಟಿಗೇ ಬರುವುದು ಕೂತ ನುಸಿಗೆ ಅನುಕೂಲ. ದಾರಿ ಪಕ್ಕದ ಸಾಲುಗಳೇ ಮೊದಲು ಹೋದದ್ದೇಕೆ, ತೊಟ್ಟಿ ಪಕ್ಕದ್ದು ಉಳಿದದ್ದೇಕೆ ಅಂತ ಆಗ ಅರ್ಥವಾಯಿತು. ತಂಪು ಅಂದ ನಾನು ಕಾಲುಭಾಗ ಸರಿ ಇದ್ದೆ. ಅವ್ವ ಮುಕ್ಕಾಲು ಸರಿ ಇದ್ದಳು.

ಐದು ದಿನ ಕಾದದ್ದು

ಮುಂದಿನ ವರ್ಷ ಮತ್ತೆ ಬದನೆ ಹಾಕಿದೆವು, ಹತ್ತು ಗುಂಟೆ ಮಾತ್ರ. ಕೊರಕ ಬಿದ್ದ ಕುಡಿಗಳನ್ನು ಕೈಯಲ್ಲೇ ಚಿವುಟಿ ಹೊರಗೆ ಹಾಕಿದೆವು, ಮೋಹಕ ಬಲೆ ಕಟ್ಟಿದೆವು. ಪೈರಿಥ್ರಾಯ್ಡ್ ಮುಟ್ಟಲಿಲ್ಲ. ದಾರಿ ಕಡೆಗೆ ಧೂಳು ತಡೆಯಲು ಎರಡು ಸಾಲು ಮೆಕ್ಕೆಜೋಳ ಒತ್ತಾಗಿ ಹಾಕಿದೆವು. ಎಲ್ಲ ಬದುವಿಗೂ ಅವ್ವ ಔಡಲ ಊರಿದಳು.

ಜಾತ್ರೆ ಮುಗಿಯಿತು. ನುಸಿ ಬಂತು. ದಾರಿ ಕಡೆ ಎರಡು ಸಾಲಿನಲ್ಲಿ ಚುಕ್ಕಿ, ಒಂದಷ್ಟು ಗಿಡದಲ್ಲಿ ಬಲೆ. ಅವ್ವನ ಮುಖ ನೋಡಲಾಗಲಿಲ್ಲ.

"ಹೋದ ವರ್ಷನೂ ಹಿಂಗೇ ಸುರು ಆಗಿತ್ತು. ಹೊಡಿಯೋದಾ ಬ್ಯಾಡಾ, ಹೇಳಿಬಿಡು" ಅಂದಳು.

ಬೇಡ ಅಂದರೆ, ಬೆಳೆ ಹೋದರೆ ಅದು ನನ್ನ ತಲೆಗೆ. ಹೊಡಿ ಅಂದರೆ ಹೋದ ವರ್ಷದ್ದೇ ಕತೆ. "ಐದು ದಿನ ನೋಡೋಣವ್ವ" ಅಂದೆ. ಬಲೆ ಪೂರ್ತಿ ಸುತ್ತಿದ್ದ ಹನ್ನೊಂದು ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಒಯ್ದೆವು. ತೊಟ್ಟಿ ಪಕ್ಕದ ಗಿಡಗಳಿಂದ, ಓಡೋ ನುಸಿ ಇದ್ದ ಎಲೆಗಳನ್ನು ಲೆನ್ಸಿನಲ್ಲಿ ನೋಡಿ ಕಿತ್ತು ತಂದು ಈ ಸಾಲಿನ ಗಿಡಗಳಿಗೆ ಸಿಕ್ಕಿಸಿದೆವು. ಸಂಜೆ ದಾರಿಗೂ ಗಿಡಕ್ಕೂ ನೀರು ಚಿಮುಕಿಸಿದೆವು. ದಿನಾ ಹತ್ತು ಎಲೆ ತಿರುಗಿಸಿ ಎರಡೂ ಬಗೆಯನ್ನು ಎಣಿಸಿ ಗೋಡೆ ಕ್ಯಾಲೆಂಡರಿನಲ್ಲಿ ಬರೆದೆ. ಮೂರನೇ ದಿನಕ್ಕೂ ಕೂತ ನುಸಿಯೇ ಹೆಚ್ಚು. ಆ ರಾತ್ರಿ ಅವ್ವನೂ ನಾನೂ ಮಲಗಲಿಲ್ಲ. ಐದನೇ ದಿನ ಮೊಟ್ಟೆಗಳು ಕಡಿಮೆ ಕಂಡವು, ಸಿಪ್ಪೆಗಳು ಹೆಚ್ಚು ಕಂಡವು. ಎಂಟನೇ ದಿನ ಹೊಸ ಕುಡಿ ಚುಕ್ಕಿಯಿಲ್ಲದೆ ಬಂತು.

ಪವಾಡವೇನೂ ಆಗಲಿಲ್ಲ. ಇಳುವರಿ ಸಾಧಾರಣ. ಎರಡು ಕಡೆ ಬೇವಿನ ಬೀಜದ ಕಷಾಯ ಹೊಡೆಯಬೇಕಾಯಿತು. ಆದರೆ ಅಂಗಡಿಯ ಉದ್ರಿ ಇರಲಿಲ್ಲ. ಬದನೆ ಯುಗಾದಿ ದಾಟಿ ಕಾಯಿ ಬಿಟ್ಟಿತು.

ಇದು ಬರೀ ಹತ್ತು ಗುಂಟೆಯ ಮಾತಲ್ಲ. ಆಫ್ರಿಕಾದಲ್ಲಿ ಬಡವರ ಊಟ ಮರಗೆಣಸು. 1970ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಹಸಿರು ನುಸಿ ಅದನ್ನು ತಿಂದು ಹಾಕತೊಡಗಿತು. ಔಷಧಿಗೆ ದುಡ್ಡಿರುವ ರೈತರಲ್ಲ ಅವರು. ವಿಜ್ಞಾನಿಗಳು ಬ್ರೆಜಿಲ್‌ನಿಂದ ಟೈಫ್ಲೋಡ್ರೋಮಲಸ್ ಅರಿಪೋ ಎಂಬ ಪರಭಕ್ಷಕ ನುಸಿಯನ್ನು ತಂದು 1993ರಲ್ಲಿ ಬೆನಿನ್ ದೇಶದಲ್ಲಿ ಬಿಟ್ಟರು. ಅದು ಹಗಲು ಗಿಡದ ಕುಡಿಯಲ್ಲಿ ಅಡಗಿ, ರಾತ್ರಿ ಎಲೆಗಿಳಿದು ಬೇಟೆಯಾಡುತ್ತದೆ. ಎಷ್ಟೋ ದೇಶಗಳಿಗೆ ಹರಡಿ ನೆಲೆ ನಿಂತಿತು. ರೈತರು ಅದಕ್ಕೆ ದುಡ್ಡು ಕೊಡಬೇಕಾಗಲಿಲ್ಲ. ನಮ್ಮಲ್ಲಂತೂ ಹೊರಗಿನಿಂದ ತರುವುದೇ ಬೇಡ. ಕಾವಲು ಈಗಾಗಲೇ ಇದೆ. ಕೊಲ್ಲದಿದ್ದರೆ ಸಾಕು.

ತಿದ್ದುಪಡಿ

ಆ ನಾಲ್ಕು ಸಾಲಿನ ಬದಲಿಗೆ ಇದನ್ನು ಓದಿಕೊಳ್ಳಿ, ಬೇಕಾದರೆ ನಿಮ್ಮ ಗುಂಪಿಗೂ ಕಳಿಸಿ.

ಒಂದು. ಔಷಧಿ ತರುವ ಮೊದಲು ಎಲೆ ತಿರುಗಿಸಿ ನೋಡಿ. ಲೆನ್ಸ್ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಮುಂದೆ ಭೂತಗನ್ನಡಿ ಹಿಡಿದು ನೋಡಿ. ಬಿಳಿ ಹಾಳೆ ಮೇಲೆ ಎಲೆ ತಟ್ಟಿದರೂ ಆಗುತ್ತದೆ.

ಎರಡು. ಗುಂಪಾಗಿ ಕೂತಿದ್ದು, ಬಲೆ, ದುಂಡನೆ ಮೊಟ್ಟೆ ಇದ್ದರೆ ಜೇಡ ನುಸಿ. ಒಂಟಿಯಾಗಿ ಚುರುಕಾಗಿ ಓಡುವ, ಹೊಳೆಯುವ, ಹನಿಯಾಕಾರದ್ದು ಕಾವಲು. ಅದರ ಮೊಟ್ಟೆ ಉದ್ದುದ್ದ, ಸ್ವಲ್ಪ ದೊಡ್ಡದು.

ಮೂರು. ಮೆಣಸಿನ ಎಲೆ ಮೇಲಕ್ಕೆ ಮುದುಡಿದೆಯೋ ಕೆಳಕ್ಕೋ ನೋಡಿ. ಅಂಗಡಿಯಲ್ಲಿ ಬರೀ ನುಸಿ ಅನ್ನಬೇಡಿ.

ನಾಲ್ಕು. ಕಾವಲು ಕಂಡರೆ ಕೆಲವು ದಿನ ಕಾದು ಎಣಿಸಿ. ಕುಡಿಗೆಲ್ಲ ಬಲೆ ಸುತ್ತಿದ್ದರೆ ಕಾಯುವ ಹೊತ್ತು ಮೀರಿರುತ್ತದೆ, ಆಗ ಔಷಧಿ ಬೇಕಾಗುತ್ತದೆ. ಅದು ನುಸಿಗೇ ಇರುವ ಔಷಧಿಯಾಗಿರಲಿ, ಬಿದ್ದ ಜಾಗಕ್ಕಷ್ಟೇ ಇರಲಿ, ಬೇರೆ ಬೆರೆಸುವುದು ಬೇಡ. ಎಲೆಯನ್ನೇ ಚೀಲದಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ನಮ್ಮೂರಿನ ಕಡೆಯವರಿಗೆ ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ.

ಐದು. ಹೊಲದಲ್ಲಿ ಒಂದು ಮೂಲೆಯನ್ನಾದರೂ ಔಷಧಿ ಇಲ್ಲದೆ ಬಿಡಿ. ಕಾವಲು ಅಲ್ಲಿಂದಲೇ ಮತ್ತೆ ಬರಬೇಕು.

ಇದನ್ನು ಹಾಕುವ ಮೊದಲು ದೊಡ್ಡಪ್ಪನಿಗೆ ಪೂರಾ ಓದಿ ಹೇಳಿದೆ. ಕೇಳಿಸಿಕೊಂಡು, "ಪರಭಕ್ಷಕ ಗಿರಭಕ್ಷಕ ನನಗೆ ನೆನಪಿರಾಂಗಿಲ್ಲ ಯವ್ವಾ" ಅಂದರು. ಅವ್ವ ಒಳಗಿನಿಂದ ಕೂಗಿದಳು: "ಕುಂತ ನುಸಿ, ಓಡೋ ನುಸಿ. ಕುಂತಿದ್ದು ಕಳ್ಳ, ಓಡೋದು ನಮ್ದು. ಅಷ್ಟೇ ನೆನಪಿಟ್ಕೊಳ್ರಿ ಮಾವಾರ."

ಈಗ ನಮ್ಮ ಓಣಿಯಲ್ಲಿ ಎಲೆ ತಿರುಗಿಸಿದವರೆಲ್ಲ ಕೇಳುವುದು ಒಂದೇ ಮಾತು, ಓಡ್ತೈತೋ ಕುಂತೈತೋ ಅಂತ.